ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾದಾಗ ರೋಗಿಯೂ ಮನೆಯವರೂ ಇಡಬೇಕಾದ ಹೆಜ್ಜೆಗಳು

ನಮ್ಮ ತಂದೆಯವರಿಗೆ 71ನೇ ವಯಸ್ಸಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾದಾಗ ನಾವು ಮಕ್ಕಳು ಎರಡು ತಪ್ಪು ಮಾಡಿದೆವು. ಬಯಾಪ್ಸಿಯ, ಅಂದರೆ ಗ್ರಂಥಿಯಿಂದ ಸಣ್ಣ ಚೂರುಗಳನ್ನು ತೆಗೆದು ನೋಡುವ ಪರೀಕ್ಷೆಯ, ವರದಿಯನ್ನು ಆರು ದಿನ ಅವರಿಂದ ಮುಚ್ಚಿಟ್ಟೆವು. ಆ ಆರು ದಿನಗಳೊಳಗೇ ಅವರನ್ನು ಕೇಳದೆ ಶಸ್ತ್ರಚಿಕಿತ್ಸೆಗೆ ದಿನವನ್ನೂ ಗೊತ್ತು ಮಾಡಿಬಿಟ್ಟೆವು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಅವರು ಬೀರುವಿನಲ್ಲಿದ್ದ ಫೈಲನ್ನು ತಾವೇ ತೆಗೆದು ಓದಿಕೊಂಡು, ರಾತ್ರಿ ಊಟಕ್ಕೆ ಕೂತಾಗ, "ನನ್ನ ಕಾಯಿಲೆಯ ವಿಷಯ ನನಗೆ ಹೇಳುವುದಕ್ಕೆ ನಿಮಗೆ ಯಾಕಪ್ಪ ಇಷ್ಟು ಕಷ್ಟ?" ಎಂದು ಕೇಳಿದರು. ಅವತ್ತಿನಿಂದ ಮುಂದಿನ ಎರಡು ವರ್ಷ ಆಸ್ಪತ್ರೆಯ ಬೆಂಚುಗಳ ಮೇಲೆ ಅವರ ಪಕ್ಕದಲ್ಲಿ ಕುಳಿತು ಕಲಿತದ್ದನ್ನು, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಈ ಕಾಯಿಲೆಯಲ್ಲಿ ಆತುರವೂ ಬೇಡ, ಮರೆಮಾಚುವಿಕೆಯೂ ಬೇಡ ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು. ನಿಮ್ಮ ಮೈಯನ್ನು ಪರೀಕ್ಷಿಸಿದ ವೈದ್ಯರ ಸಲಹೆಗೆ ಈ ಬರಹ ಬದಲಿಯಲ್ಲ. ಅವರ ಮುಂದೆ ಕುಳಿತಾಗ ಏನು ಕೇಳಬೇಕೆಂಬುದು ಗೊತ್ತಿರಲಿ ಎಂಬ ಉದ್ದೇಶದಿಂದ ಬರೆದದ್ದು.

ಮೊದಲ ಹೆಜ್ಜೆ: ರೋಗಿಗೆ ತಿಳಿಸುವುದು

ನಮ್ಮ ಮನೆಗಳಲ್ಲಿ ವೈದ್ಯರ ಕೋಣೆಗೆ ಮೊದಲು ನುಗ್ಗುವವನು ಮಗನೋ ಅಳಿಯನೋ ಆಗಿರುತ್ತಾನೆ. "ಅಪ್ಪನಿಗೆ ಹೇಳಬೇಡಿ ಸಾರ್, ಧೈರ್ಯಗೆಡುತ್ತಾರೆ" ಎಂಬ ಮಾತು ಪ್ರತಿದಿನ ಪ್ರತಿಯೊಂದು ಕ್ಯಾನ್ಸರ್ ವಿಭಾಗದಲ್ಲೂ ಕೇಳಿಬರುತ್ತದೆ. ಅದರ ಹಿಂದಿರುವುದು ಪ್ರೀತಿಯೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಚಿಕಿತ್ಸೆಯ ಆಯ್ಕೆ ಮೂತ್ರದ ಹಿಡಿತ, ದಾಂಪತ್ಯ, ಮೈಯ ಕಸುವು ಇವುಗಳ ಜೊತೆ ಹೆಣೆದುಕೊಂಡಿದೆ. ಇವುಗಳಲ್ಲಿ ಯಾವುದನ್ನು ಕಾಪಾಡಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬಹುದು ಎಂದು ಮಗ ತೀರ್ಮಾನಿಸಲಾರ. ಜೊತೆಗೆ, ತಿಂಗಳಿಗೊಂದು ಚುಚ್ಚುಮದ್ದು, ಮೂರು ತಿಂಗಳಿಗೊಂದು ರಕ್ತಪರೀಕ್ಷೆ ನಡೆಯುವಾಗ ಕಾಯಿಲೆಯ ಹೆಸರು ಬಹಳ ದಿನ ಗುಟ್ಟಾಗಿ ಉಳಿಯುವುದೂ ಇಲ್ಲ.

ಹೇಳುವಾಗ ಒಂದೇ ಸಲಕ್ಕೆ ಎಲ್ಲವನ್ನೂ ಸುರಿಯಬೇಕಾಗಿಲ್ಲ. ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮಾತ್ರ ಇರುವ, ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಗ್ರಂಥಿ. ವೀರ್ಯದ ದ್ರವದ ಒಂದು ಭಾಗವನ್ನು ತಯಾರಿಸುವುದು ಅದರ ಕೆಲಸ. ಅದರಲ್ಲಿ ಕ್ಯಾನ್ಸರ್ ಕಣಗಳು ಕಂಡಿವೆ. ಮುಂದೇನು ಮಾಡಬೇಕೆಂದು ಒಟ್ಟಿಗೆ ಕೂತು ತಿಳಿದುಕೊಳ್ಳೋಣ – ಮೊದಲ ದಿನಕ್ಕೆ ಇಷ್ಟು ಸಾಕು. ಕೇಳುವ ಮನುಷ್ಯ ಸುಮ್ಮನಾಗಿಬಿಟ್ಟರೆ ಆ ಮೌನವನ್ನು ಮಾತಿನಿಂದ ತುಂಬಲು ಹೋಗಬೇಡಿ.

ಎರಡನೆಯ ಹೆಜ್ಜೆ: ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬಹುದು

ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಿನವರಲ್ಲಿ ನಿಧಾನವಾಗಿ ಬೆಳೆಯುತ್ತದೆ. ಕಾಯಿಲೆ ಗ್ರಂಥಿಯೊಳಗೇ ಇದ್ದರೆ, ಕೆಲವು ವಾರ ತೆಗೆದುಕೊಂಡು ವಿಚಾರಿಸಿ, ಇನ್ನೊಬ್ಬ ವೈದ್ಯರನ್ನು ಕಂಡು ತೀರ್ಮಾನಿಸುವುದರಿಂದ ಸಾಮಾನ್ಯವಾಗಿ ನಷ್ಟವಾಗುವುದಿಲ್ಲ. ಬಯಾಪ್ಸಿಯಾದ ಮೇಲೆ ಒಳಗಿನ ಗಾಯ ಮಾಯಲು ಹೇಗೂ ಕೆಲವು ವಾರ ಬೇಕು. ಅನೇಕ ಶಸ್ತ್ರಚಿಕಿತ್ಸಕರು ಆರರಿಂದ ಎಂಟು ವಾರ ಕಾಯುತ್ತಾರೆ. "ನಾಳೆಯೇ ಅಡ್ಮಿಟ್ ಆಗಿ" ಎಂಬ ಒತ್ತಡ ಬಂದರೆ ಅದಕ್ಕೆ ಕಾರಣವೇನೆಂದು ಕೇಳುವ ಹಕ್ಕು ನಿಮಗಿದೆ.

ಆದರೆ ನಿಜಕ್ಕೂ ತಡಮಾಡಬಾರದ ಕೆಲವು ಸಂದರ್ಭಗಳಿವೆ. ಇವುಗಳನ್ನು ಒಂದು ಕಾಗದದಲ್ಲಿ ಬರೆದು ಮನೆಯವರೆಲ್ಲರಿಗೂ ಕಾಣುವ ಕಡೆ ಅಂಟಿಸಿಡಿ. ಬೆನ್ನಿನಲ್ಲಿ ಹೊಸದಾಗಿ ತೀವ್ರವಾದ ನೋವು ಕಾಣಿಸಿಕೊಂಡು, ಅದರ ಜೊತೆ ಕಾಲುಗಳಲ್ಲಿ ಬಲ ಕುಂದುವುದು, ಜೋಮು ಹಿಡಿಯುವುದು, ಮಲಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಯಾವುದಾದರೂ ಕಂಡುಬಂದರೆ ಕಾಯಿಲೆ ಬೆನ್ನುಮೂಳೆಗೆ ಹರಡಿ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಅದೇ ದಿನ, ರಾತ್ರಿಯಾಗಿದ್ದರೂ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ಒಂದೆರಡು ದಿನ ತಡವಾದರೂ ಕಾಲಿನ ಶಕ್ತಿ ಮರಳದೇ ಹೋಗಬಹುದು. "ವಯಸ್ಸಾಯಿತಲ್ಲ, ಸೊಂಟ ಹಿಡಿದುಕೊಂಡಿದೆ" ಎಂದು ಎಣ್ಣೆ ತಿಕ್ಕುತ್ತ ಕೂರುವ ಅಭ್ಯಾಸ ನಮ್ಮಲ್ಲಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮೂತ್ರ ಪೂರ್ತಿ ಕಟ್ಟಿಕೊಂಡು ಹೊಟ್ಟೆಯ ಕೆಳಭಾಗ ಉಬ್ಬಿ ನೋಯುವುದು, ಬಯಾಪ್ಸಿಯಾದ ಮೇಲೆ ಚಳಿಜ್ವರ ಬರುವುದು, ಮೂತ್ರದಲ್ಲಿ ರಕ್ತದ ಗಡ್ಡೆಗಳು ಹೋಗುವುದು ಇವೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳೇ. ಬಯಾಪ್ಸಿಯ ನಂತರ ಕೆಲವು ದಿನ ಮೂತ್ರವು ತಿಳಿಗೆಂಪಾಗಿರುವುದು, ಕೆಲವು ವಾರ ವೀರ್ಯ ಕಂದುಬಣ್ಣಕ್ಕಿರುವುದು ಸಾಮಾನ್ಯ, ಅದಕ್ಕೆ ಗಾಬರಿಯಾಗಬೇಕಾಗಿಲ್ಲ.

ಮೂರನೆಯ ಹೆಜ್ಜೆ: ವರದಿಯನ್ನು ಓದಲು ಕಲಿಯುವುದು

ಇದಕ್ಕೆ ಒಂದು ಸಂಜೆಯನ್ನು ಪೂರ್ತಿ ಮೀಸಲಿಡಿ. ಪ್ರಾಸ್ಟೇಟ್ ಕ್ಯಾನ್ಸರ್‌ನ ಎಲ್ಲ ತೀರ್ಮಾನಗಳೂ ಮೂರು ಸಂಗತಿಗಳ ಮೇಲೆ ನಿಂತಿವೆ: ರಕ್ತದಲ್ಲಿನ ಪಿಎಸ್‌ಎ ಮಟ್ಟ, ಬಯಾಪ್ಸಿಯ ಗ್ಲೀಸನ್ ಅಂಕ, ಕಾಯಿಲೆ ಹರಡಿರುವ ಹಂತ.

ಪಿಎಸ್‌ಎ ಎಂಬುದು ಪ್ರಾಸ್ಟೇಟ್ ಗ್ರಂಥಿಯೇ ಉತ್ಪಾದಿಸುವ ಒಂದು ಪ್ರೋಟೀನು. ರಕ್ತದ ಒಂದು ಮಿಲಿಲೀಟರಿಗೆ 4 ನ್ಯಾನೊಗ್ರಾಂ ಎಂಬ ಗಡಿಯನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ, ಆದರೆ ಅದು ಗೆರೆ ಕೊರೆದಂಥ ಗಡಿಯಲ್ಲ. ವಯಸ್ಸಿನೊಡನೆ ಗ್ರಂಥಿ ದಪ್ಪವಾದರೂ, ಮೂತ್ರದ ಸೋಂಕಾದರೂ, ಮೂತ್ರ ಕಟ್ಟಿ ಪೈಪ್ ಹಾಕಿದರೂ ಅದು ಏರುತ್ತದೆ. ಗ್ರಂಥಿಯ ಊತಕ್ಕೆ ಕೊಡುವ ಫಿನಾಸ್ಟರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಿರುವವರಲ್ಲಿ ಅದೇ ಪಿಎಸ್‌ಎ ಅರ್ಧದಷ್ಟಕ್ಕೆ ಇಳಿದು ಕಾಣುತ್ತದೆ. ಆದ್ದರಿಂದ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ವೈದ್ಯರಿಗೆ ಹೇಳಲೇಬೇಕು. ಪಿಎಸ್‌ಎ ಹೆಚ್ಚಿರುವುದು ಅನುಮಾನಕ್ಕೆ ದಾರಿ ಮಾತ್ರ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದು ಬಯಾಪ್ಸಿಯೇ.

ಗ್ಲೀಸನ್ ಅಂಕದ ವಿಷಯದಲ್ಲಿ ಓದುಬರಹ ಬಲ್ಲವರೂ ಎಡವುತ್ತಾರೆ. ಅಮೆರಿಕದ ರೋಗಶಾಸ್ತ್ರಜ್ಞ ಡೊನಾಲ್ಡ್ ಗ್ಲೀಸನ್ 1960ರ ದಶಕದಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ, ಸೂಕ್ಷ್ಮದರ್ಶಕದ ಕೆಳಗೆ ಅತಿ ಹೆಚ್ಚಾಗಿ ಕಾಣುವ ಕಣರಚನೆಗೆ ಒಂದು ಅಂಕ, ಅದರ ನಂತರದ್ದಕ್ಕೆ ಇನ್ನೊಂದು ಅಂಕ ಕೊಟ್ಟು ಎರಡನ್ನೂ ಕೂಡುತ್ತಾರೆ. ಇವತ್ತಿನ ರೂಢಿಯಲ್ಲಿ ಬಯಾಪ್ಸಿ ವರದಿಗಳಲ್ಲಿ ಬರುವ ಅತಿ ಕಡಿಮೆ ಮೊತ್ತ 6, ಅತಿ ಹೆಚ್ಚು 10. ಹಾಗಾಗಿ 6 ಎಂದರೆ ಹತ್ತರಲ್ಲಿ ಆರು, ಅಂದರೆ ಅರ್ಧಕ್ಕಿಂತ ಹೆಚ್ಚು ಕೆಟ್ಟಿದೆ ಎಂದು ಅರ್ಥವಲ್ಲ; ಅದು ಮೆಟ್ಟಿಲಿನ ಅತ್ಯಂತ ಕೆಳಗಿನ ಪಾವಟಿಗೆ. ಈ ಗೊಂದಲ ತಪ್ಪಿಸಲೆಂದೇ ಈಗ ಒಂದರಿಂದ ಐದರವರೆಗಿನ ಗ್ರೇಡ್ ಗುಂಪುಗಳನ್ನೂ ವರದಿಯಲ್ಲಿ ಬರೆಯುತ್ತಾರೆ: ಮೊತ್ತ 6 ಇದ್ದರೆ ಒಂದನೆಯ ಗುಂಪು, 3+4 ಎರಡನೆಯದು, 4+3 ಮೂರನೆಯದು, 8 ನಾಲ್ಕನೆಯದು, 9 ಮತ್ತು 10 ಐದನೆಯದು. 3+4 ಮತ್ತು 4+3 ಎರಡರ ಮೊತ್ತವೂ 7 ಆದರೂ ಅವೆರಡೂ ಒಂದೇ ಅಲ್ಲ ಎಂಬುದನ್ನು ಗಮನಿಸಿ. ಮೊದಲು ಬರೆದ ಅಂಕವೇ ಹೆಚ್ಚಿನ ಪಾಲಿನದ್ದು. ನಮ್ಮ ತಂದೆಯವರ ವರದಿಯಲ್ಲಿ 3+4 ಎಂದಿತ್ತು. ಆ ಕೂಡುವ ಚಿಹ್ನೆಯ ಎಡಬಲದ ಅರ್ಥ ತಿಳಿದಾಗಲೇ ನಮಗೆ ಮೊದಲ ಬಾರಿಗೆ ಸ್ವಲ್ಪ ಉಸಿರಾಡುವಂತಾಯಿತು.

ಹಂತ ತಿಳಿಯಲು ಎಂಆರ್‌ಐ, ಎಲುಬಿನ ಸ್ಕ್ಯಾನ್ ಅಥವಾ ಈ ಕ್ಯಾನ್ಸರ್‌ನ ಕಣಗಳು ಮೈಯಲ್ಲಿ ಎಲ್ಲೆಲ್ಲಿವೆ ಎಂದು ಹುಡುಕುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿಸುತ್ತಾರೆ. ಕಡಿಮೆ ಅಪಾಯದ ಕಾಯಿಲೆಯಲ್ಲಿ ಪೆಟ್ ಸ್ಕ್ಯಾನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬೇಕೆಂದರೆ ಏಕೆಂದು ಕೇಳಿ, ಏಕೆಂದರೆ ಅದು ದುಬಾರಿ. ಪಿಎಸ್‌ಎ, ಗ್ಲೀಸನ್, ಹಂತ ಈ ಮೂರನ್ನೂ ಸೇರಿಸಿ ಸ್ಥೂಲವಾಗಿ ಮೂರು ಅಪಾಯದ ಗುಂಪುಗಳನ್ನು ಮಾಡುತ್ತಾರೆ. ಪಿಎಸ್‌ಎ 10ಕ್ಕಿಂತ ಕಡಿಮೆ, ಗ್ಲೀಸನ್ 6, ಗಡ್ಡೆ ಚಿಕ್ಕದು – ಕಡಿಮೆ ಅಪಾಯ. ಪಿಎಸ್‌ಎ 10ರಿಂದ 20 ಅಥವಾ ಗ್ಲೀಸನ್ 7 – ನಡುವಿನದು. ಪಿಎಸ್‌ಎ 20ಕ್ಕಿಂತ ಹೆಚ್ಚು, ಅಥವಾ ಗ್ಲೀಸನ್ 8ರಿಂದ 10, ಅಥವಾ ಗ್ರಂಥಿಯ ಹೊದಿಕೆಯಿಂದಾಚೆ ಬಂದದ್ದು – ಹೆಚ್ಚಿನ ಅಪಾಯ. ಎಲುಬಿಗೋ ದೂರದ ದುಗ್ಧಗ್ರಂಥಿಗಳಿಗೋ ಹರಡಿದ್ದರೆ ಅದರ ಲೆಕ್ಕವೇ ಬೇರೆ. ವೈದ್ಯರನ್ನು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ, "ಡಾಕ್ಟ್ರೇ, ನಮ್ಮದು ಇವುಗಳಲ್ಲಿ ಯಾವ ಗುಂಪಿಗೆ ಸೇರುತ್ತದೆ?" ಎಂಬುದು.

ನಾಲ್ಕನೆಯ ಹೆಜ್ಜೆ: ಇಬ್ಬರು ತಜ್ಞರನ್ನು ಕಾಣುವುದು

ಶಸ್ತ್ರಚಿಕಿತ್ಸಕರಿಗೆ ಶಸ್ತ್ರಚಿಕಿತ್ಸೆಯ ಮೇಲೆ, ಕಿರಣಗಳಿಂದ ಚಿಕಿತ್ಸೆ ಕೊಡುವ ರೇಡಿಯೇಷನ್ ತಜ್ಞರಿಗೆ ರೇಡಿಯೇಷನ್ ಮೇಲೆ ಹೆಚ್ಚು ನಂಬಿಕೆಯಿರುವುದು ಸಹಜ. ಅವರವರ ಕೈಯ ಅನುಭವ ಅದು. ಆದ್ದರಿಂದ ಶಸ್ತ್ರಚಿಕಿತ್ಸೆ ಮಾಡುವ ಮೂತ್ರರೋಗ ತಜ್ಞರಾದ ಯುರಾಲಜಿಸ್ಟರನ್ನು ಕಂಡ ಮೇಲೆ ರೇಡಿಯೇಷನ್ ಆಂಕಾಲಜಿಸ್ಟರನ್ನೂ ಕಂಡೇ ತೀರ್ಮಾನಿಸಿ. ಎಲ್ಲ ವಿಭಾಗದ ವೈದ್ಯರೂ ಒಟ್ಟಿಗೆ ಕೂತು ಒಬ್ಬ ರೋಗಿಯ ವಿಷಯವನ್ನು ಚರ್ಚಿಸುವ ಟ್ಯೂಮರ್ ಬೋರ್ಡ್ ಎಂಬ ಏರ್ಪಾಡು ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇರುತ್ತದೆ. ನಿಮ್ಮ ಪ್ರಕರಣವನ್ನು ಅಲ್ಲಿಟ್ಟಿದ್ದಾರೆಯೇ ಎಂದು ವಿಚಾರಿಸಿ. ಕರ್ನಾಟಕದಲ್ಲಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸರ್ಕಾರಿ ವಲಯದ ಮುಖ್ಯ ಕೇಂದ್ರ. ಕಲಬುರಗಿಯಲ್ಲಿ ಅದರ ಶಾಖೆಯಿದೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆಯಿದೆ. ಮಂಗಳೂರು, ಮಣಿಪಾಲ, ಮೈಸೂರುಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ತಜ್ಞರು ಸಿಗುತ್ತಾರೆ.

ಎರಡನೆಯ ಅಭಿಪ್ರಾಯಕ್ಕೆ ಹೋಗುವಾಗ ಬರಿಯ ವರದಿಯ ಜೆರಾಕ್ಸ್ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಪ್ರಯೋಗಾಲಯದಿಂದ ಕೇಳಿ ಪಡೆಯಿರಿ, ಎಂಆರ್‌ಐನ ಸಿ.ಡಿ. ಇಟ್ಟುಕೊಳ್ಳಿ. ಗ್ಲೀಸನ್ ಅಂಕ ಒಬ್ಬ ರೋಗಶಾಸ್ತ್ರಜ್ಞರಿಂದ ಇನ್ನೊಬ್ಬರಿಗೆ ವ್ಯತ್ಯಾಸವಾಗುವುದುಂಟು, ಆ ಒಂದು ಅಂಕದ ವ್ಯತ್ಯಾಸದಿಂದ ಚಿಕಿತ್ಸೆಯೇ ಬದಲಾಗುವುದೂ ಉಂಟು. ಫೈಲಿನಲ್ಲಿ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಮೊದಲ ಹಾಳೆಯಲ್ಲಿ ಪಿಎಸ್‌ಎ ಅಂಕಿಗಳನ್ನು ಒಂದರ ಕೆಳಗೊಂದು ಬರೆದಿಡಿ. ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಸಿಗುವುದು ಕೆಲವೇ ನಿಮಿಷ. ಆ ಒಂದು ಹಾಳೆ ಅದರಲ್ಲಿ ಅರ್ಧದಷ್ಟನ್ನು ಉಳಿಸುತ್ತದೆ.

ಐದನೆಯ ಹೆಜ್ಜೆ: ಚಿಕಿತ್ಸೆಯ ದಾರಿಯನ್ನು ಆರಿಸುವುದು

ಕಡಿಮೆ ಅಪಾಯದ ಕಾಯಿಲೆಗೆ ಇಂದು ಜಗತ್ತಿನಾದ್ಯಂತ ಮೊದಲು ಸೂಚಿಸುವುದು ಸಕ್ರಿಯ ನಿಗಾ. ಅಂದರೆ ಸದ್ಯಕ್ಕೆ ಕತ್ತರಿಯನ್ನೂ ಕಿರಣವನ್ನೂ ಬಳಸದೆ, ಆರು ತಿಂಗಳಿಗೊಮ್ಮೆ ಪಿಎಸ್‌ಎ, ಆಗಾಗ ಎಂಆರ್‌ಐ, ವೈದ್ಯರು ಹೇಳಿದಾಗ ಮತ್ತೆ ಬಯಾಪ್ಸಿ ಮಾಡಿಸುತ್ತ, ಕಾಯಿಲೆ ಬಿರುಸಾಗುವ ಸೂಚನೆ ಕಂಡ ಕೂಡಲೇ ಚಿಕಿತ್ಸೆಗೆ ಇಳಿಯುವುದು. ನಮ್ಮವರಿಗೆ ಇದು ಬಹಳ ಕಷ್ಟದ ಮಾತು. ಕ್ಯಾನ್ಸರ್ ಎಂದು ಗೊತ್ತಿದ್ದೂ ಸುಮ್ಮನಿರುವುದೇ ಎಂದು ನೆಂಟರಿಷ್ಟರು ಕೇಳುತ್ತಾರೆ. ಬ್ರಿಟನ್ನಿನಲ್ಲಿ ನಡೆದ ಪ್ರೊಟೆಕ್ಟ್ ಎಂಬ ದೀರ್ಘ ಅಧ್ಯಯನ ಇದಕ್ಕೆ ಉತ್ತರವನ್ನೂ ಎಚ್ಚರಿಕೆಯನ್ನೂ ಒಟ್ಟಿಗೆ ಕೊಡುತ್ತದೆ. ಗ್ರಂಥಿಯೊಳಗೇ ಕಾಯಿಲೆಯಿದ್ದ, 50ರಿಂದ 69 ವರ್ಷದ 1,643 ಮಂದಿಯನ್ನು ನಿಗಾ, ಶಸ್ತ್ರಚಿಕಿತ್ಸೆ, ರೇಡಿಯೇಷನ್ ಎಂಬ ಮೂರು ಗುಂಪುಗಳಾಗಿ ಹಂಚಿ ಗಮನಿಸಿದಾಗ, 15 ವರ್ಷಗಳ ನಂತರ ಈ ಕ್ಯಾನ್ಸರ್‌ನಿಂದಲೇ ತೀರಿಕೊಂಡವರು ಮೂರೂ ಗುಂಪುಗಳಲ್ಲಿ ನೂರಕ್ಕೆ ಸುಮಾರು ಮೂವರು ಮಾತ್ರ ಎಂದು 2023ರಲ್ಲಿ ಪ್ರಕಟವಾಯಿತು. ನಿಗಾದ ಗುಂಪಿನಲ್ಲಿ ಕಾಯಿಲೆ ಬೇರೆಡೆಗೆ ಹರಡಿದ ಪ್ರಮಾಣ ಮಾತ್ರ ಉಳಿದೆರಡಕ್ಕಿಂತ ಸುಮಾರು ಇಮ್ಮಡಿಯಿತ್ತು. ನಿಗಾ ಎಂದರೆ ಪರೀಕ್ಷೆಗಳನ್ನು ತಪ್ಪದೆ ಮಾಡಿಸುವುದು ಎಂದೇ ಅರ್ಥ. ಊರು ದೂರ, ಬರಲಾಗುವುದಿಲ್ಲ ಎನ್ನುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಿ ಬೇರೆ ದಾರಿಯನ್ನು ಯೋಚಿಸುವುದು ಒಳ್ಳೆಯದು.

ನಡುವಿನ ಅಪಾಯದಲ್ಲಿ ಶಸ್ತ್ರಚಿಕಿತ್ಸೆ ಅಥವಾ ರೇಡಿಯೇಷನ್. ಶಸ್ತ್ರಚಿಕಿತ್ಸೆಯಲ್ಲಿ ಇಡೀ ಗ್ರಂಥಿಯನ್ನೂ ವೀರ್ಯಕೋಶಗಳನ್ನೂ ತೆಗೆಯುತ್ತಾರೆ. ಒಂದೆರಡು ವಾರ ಮೂತ್ರಕ್ಕೆ ಪೈಪ್ ಇರುತ್ತದೆ. ರೋಬಾಟ್ ಸಹಾಯದಿಂದ ಮಾಡಿದರೆ ರಕ್ತಸ್ರಾವ ಕಡಿಮೆ, ಮನೆಗೆ ಬೇಗ ಬರಬಹುದು. ಆದರೆ ಮೂತ್ರದ ಹಿಡಿತ, ದಾಂಪತ್ಯದ ಶಕ್ತಿ ಇವು ಮರಳುವುದು ಯಂತ್ರಕ್ಕಿಂತ ಹೆಚ್ಚಾಗಿ ಅದನ್ನು ನಡೆಸುವವರ ಅನುಭವವನ್ನು ಅವಲಂಬಿಸಿದೆ. ಈ ವರೆಗೆ ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದೀರಿ ಎಂದು ಕೇಳಲು ಸಂಕೋಚಪಡಬೇಡಿ. ಒಳ್ಳೆಯ ವೈದ್ಯರು ಅದಕ್ಕೆ ಬೇಸರಿಸುವುದಿಲ್ಲ. ಹಳ್ಳಿಗಳ ಕಡೆ "ಕರೆಂಟ್ ಕೊಡುವುದು" ಎನ್ನುವ ರೇಡಿಯೇಷನ್‌ನಲ್ಲಿ ನೋವಿಲ್ಲ, ಆದರೆ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಎಂಟು ವಾರ ದಿನವೂ ಹೋಗಬೇಕಾಗಬಹುದು. ಕೆಲವರಿಗೆ ಐದೇ ಸಲದಲ್ಲಿ ಮುಗಿಸುವ ಪದ್ಧತಿಯೂ ಈಗ ಇದೆ. ಹೊರಊರಿನಿಂದ ಬರುವವರು ಅದರ ಬಗ್ಗೆ ವಿಚಾರಿಸಬೇಕು. ಹೆಚ್ಚಿನ ಅಪಾಯವಿರುವವರಿಗೆ ರೇಡಿಯೇಷನ್ ಜೊತೆ ಒಂದೂವರೆಯಿಂದ ಮೂರು ವರ್ಷ ಹಾರ್ಮೋನ್ ತಡೆಯುವ ಚಿಕಿತ್ಸೆ ಸೇರುತ್ತದೆ.

ವಯಸ್ಸು 80 ದಾಟಿ, ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆ ಮೊದಲೇ ಇದ್ದವರಿಗೆ ಇದಾವುದೂ ಬೇಡ, ತೊಂದರೆ ಕಂಡಾಗ ಮಾತ್ರ ಉಪಚರಿಸೋಣ ಎಂದು ವೈದ್ಯರು ಹೇಳಬಹುದು. ಅದನ್ನು ಕೈಬಿಟ್ಟದ್ದೆಂದು ತಿಳಿಯಬಾರದು.

ಆರನೆಯ ಹೆಜ್ಜೆ: ಮೂತ್ರದ, ದಾಂಪತ್ಯದ ಮಾತನ್ನು ಬಾಯಿಬಿಟ್ಟು ಆಡುವುದು

ಗಂಡಸರು ಬಾಯಿಬಿಡದ ಭಾಗವಿದು. ಗ್ರಂಥಿ ತೆಗೆದ ಮೇಲೆ ಬಹುತೇಕ ಎಲ್ಲರಿಗೂ ಕೆಲವು ಕಾಲ ಮೂತ್ರ ಸೋರುತ್ತದೆ. ಕೆಮ್ಮಿದಾಗ, ಸೀನಿದಾಗ, ಕುರ್ಚಿಯಿಂದ ಏಳುವಾಗ ಹೆಚ್ಚು. ಹೆಚ್ಚಿನವರಲ್ಲಿ ಮೂರು ತಿಂಗಳಿಂದ ಒಂದು ವರ್ಷದೊಳಗೆ ಅದು ಸುಧಾರಿಸುತ್ತದೆ. ಅದಕ್ಕೆ ನೆರವಾಗುವುದು ಕೀಗಲ್ ವ್ಯಾಯಾಮ: ಹೂಸು ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನೇ ಬಿಗಿಹಿಡಿದು ಐದಾರು ಸೆಕೆಂಡು ನಿಲ್ಲಿಸಿ, ಅಷ್ಟೇ ಹೊತ್ತು ಸಡಿಲಿಸಿ, ಹತ್ತು ಸಲದಂತೆ ದಿನಕ್ಕೆ ಮೂರು ಹೊತ್ತು ಮಾಡಬೇಕು. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ ಬಿಗಿಯಬಾರದು. ಇದನ್ನು ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ಕಲಿತುಕೊಳ್ಳುವುದು ಲೇಸು. ಪೈಪ್ ಇರುವಷ್ಟು ದಿನ ಮಾಡಬಾರದು. ಸೋರುವುದಕ್ಕೆ ಹೆದರಿ ನೀರು ಕುಡಿಯುವುದನ್ನು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ. ಪಂಚೆ ಉಡುವವರು ಒಳಗೆ ಬಿಗಿಯಾದ ಚಡ್ಡಿ ಹಾಕಿದರೆ ಮಾತ್ರ ಪ್ಯಾಡ್ ನಿಲ್ಲುತ್ತದೆ. ಮದುವೆ ಮುಂಜಿಗಳಿಗೆ ಹೋಗುವಾಗ ಒಂದು ಹೆಚ್ಚಿನ ಪ್ಯಾಡ್, ಒಂದು ಪ್ಲಾಸ್ಟಿಕ್ ಚೀಲ ಜೊತೆಗಿರಲಿ. ಇಷ್ಟು ಸಣ್ಣ ಏರ್ಪಾಡಿಲ್ಲದೆ ತಿಂಗಳುಗಟ್ಟಲೆ ಮನೆಯಿಂದ ಹೊರಗೆ ಕಾಲಿಡದೆ ಕೂತವರನ್ನು ನಾನು ಕಂಡಿದ್ದೇನೆ.

ಗ್ರಂಥಿಯ ಎರಡೂ ಬದಿಯಲ್ಲಿ ಹಾದುಹೋಗುವ ನರಗಳು ಜನನಾಂಗದ ನಿಮಿರುವಿಕೆಗೆ ಕಾರಣ. ಅವುಗಳನ್ನು ಉಳಿಸಲು ಸಾಧ್ಯವೇ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿ. ಉಳಿಸಿದರೂ ಶಕ್ತಿ ಮರಳಲು ಎರಡು ವರ್ಷದವರೆಗೆ ಹಿಡಿಯಬಹುದು. ರೇಡಿಯೇಷನ್‌ನಲ್ಲಿ ಇದಕ್ಕೆ ವಿರುದ್ಧವಾಗಿ ಶಕ್ತಿ ಕೆಲವು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಕುಗ್ಗುತ್ತದೆ. ಗ್ರಂಥಿ ತೆಗೆದ ಮೇಲೆ ಸುಖದ ಅನುಭವವಾದರೂ ವೀರ್ಯ ಹೊರಬರುವುದಿಲ್ಲ. ಮುಂದೆ ಮಕ್ಕಳನ್ನು ಬಯಸುವ ವಯಸ್ಸಿನವರು ವೀರ್ಯವನ್ನು ಮೊದಲೇ ಶೇಖರಿಸಿಡುವ ಬಗ್ಗೆ ಕೇಳಬೇಕು. ಸಿಲ್ಡೆನಾಫಿಲ್‌ನಂಥ ಮಾತ್ರೆಗಳು ಅನೇಕರಿಗೆ ನೆರವಾಗುತ್ತವೆ, ಆದರೆ ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ನೈಟ್ರೇಟ್ ಮಾತ್ರೆ ಬಳಸುವವರು ಅವನ್ನು ಯಾವ ಕಾರಣಕ್ಕೂ ನುಂಗಬಾರದು. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಈ ವಿಷಯ ಮಾತಾಡುವಾಗ ಮಗನನ್ನೋ ಸೊಸೆಯನ್ನೋ ಹೊರಗೆ ಕಳಿಸಿ, ಹೆಂಡತಿಯನ್ನು ಜೊತೆಗೆ ಕೂರಿಸಿಕೊಂಡು ವೈದ್ಯರೊಡನೆ ಮಾತಾಡಿ. 70ರ ವಯಸ್ಸಿನಲ್ಲಿ ಇದನ್ನೆಲ್ಲ ಕೇಳಿದರೆ ಏನೆಂದುಕೊಂಡಾರೋ ಎಂಬ ಅಳುಕು ಬೇಡ.

ಏಳನೆಯ ಹೆಜ್ಜೆ: ಹಾರ್ಮೋನ್ ಚಿಕಿತ್ಸೆಗೆ ಮೈಯನ್ನು ಅಣಿಗೊಳಿಸುವುದು

ಪ್ರಾಸ್ಟೇಟ್ ಕ್ಯಾನ್ಸರ್ ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನನ್ನು ಉಂಡು ಬೆಳೆಯುತ್ತದೆ ಎಂಬುದನ್ನು ಶಸ್ತ್ರಚಿಕಿತ್ಸಕ ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಹರಡಿದ ಕಾಯಿಲೆಗೆ ಇಂದಿಗೂ ಚಿಕಿತ್ಸೆಯ ಬುನಾದಿ ಈ ಹಾರ್ಮೋನನ್ನು ಇಳಿಸುವುದೇ. ತಿಂಗಳಿಗೋ ಮೂರು ತಿಂಗಳಿಗೋ ಲ್ಯುಪ್ರೊಲೈಡ್‌ನಂಥ ಚುಚ್ಚುಮದ್ದು ಕೊಡಬಹುದು, ಅಥವಾ ಒಂದೇ ಸಲಕ್ಕೆ ವೃಷಣಗಳನ್ನು ತೆಗೆಯಬಹುದು. ಎರಡನೆಯದು ಅಗ್ಗ, ಫಲದಲ್ಲಿ ಸಮ, ಆದರೆ ಮತ್ತೆ ಹಿಂದಕ್ಕೆ ಬರಲಾಗದ್ದು. ಚುಚ್ಚುಮದ್ದಿಗೆ ಪ್ರತಿಸಲ ಹಣ ಹೊಂದಿಸಲಾಗದೆ ನಡುವೆ ನಿಲ್ಲಿಸುವುದಕ್ಕಿಂತ ಇದೇ ಮೇಲು ಎಂದು ಆರಿಸಿಕೊಂಡ ರೈತಾಪಿ ಮನೆಯವರನ್ನು ನಾನು ಆಸ್ಪತ್ರೆಯಲ್ಲಿ ಭೇಟಿಯಾಗಿದ್ದೇನೆ. ಗಂಡಸುತನದ ಪ್ರಶ್ನೆಯನ್ನು ಅದಕ್ಕೆ ತಳುಕುಹಾಕಿ ಅವರನ್ನು ಕೀಳಾಗಿ ಕಾಣುವುದು ದೊಡ್ಡ ಅನ್ಯಾಯ. ಹರಡಿದ ಕಾಯಿಲೆಗೆ ಇವುಗಳ ಜೊತೆ ಅಬಿರಾಟೆರಾನ್, ಎಂಜಲುಟಮೈಡ್ ಮುಂತಾದ ಮಾತ್ರೆಗಳನ್ನೂ ಕೆಲವರಿಗೆ ಡೋಸಿಟ್ಯಾಕ್ಸೆಲ್ ಕೀಮೊವನ್ನೂ ಆರಂಭದಲ್ಲೇ ಸೇರಿಸುವುದರಿಂದ ಆಯುಸ್ಸು ಹೆಚ್ಚುತ್ತದೆಂದು ದೃಢಪಟ್ಟಿದೆ. ಅಬಿರಾಟೆರಾನ್‌ನ ಜೆನೆರಿಕ್ ರೂಪ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಮೂಲ ಬ್ರ್ಯಾಂಡಿಗಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ, ಕೇಳಿ ಪಡೆಯಿರಿ.

ಹಾರ್ಮೋನ್ ಇಳಿದಾಗ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ, ಆಯಾಸವಾಗುತ್ತದೆ, ಸಣ್ಣದಕ್ಕೂ ಕಣ್ಣೀರು ಬರುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಗಸರು ಅನುಭವಿಸುವುದೂ ಇದನ್ನೇ. ನಮ್ಮ ತಂದೆಯವರು ರೇಡಿಯೇಷನ್ ಜೊತೆ ಆರು ತಿಂಗಳು ಈ ಚುಚ್ಚುಮದ್ದು ತೆಗೆದುಕೊಂಡಾಗ, ನಡುರಾತ್ರಿ ಎದ್ದು ಫ್ಯಾನ್ ಹಾಕಿಕೊಂಡು ಕೂರುತ್ತಿದ್ದ ಅವರ ಸ್ಥಿತಿಯನ್ನು ಮನೆಯಲ್ಲಿ ಮೊದಲು ಅರ್ಥಮಾಡಿಕೊಂಡವರು ನಮ್ಮ ತಾಯಿ. ಒಳಗೊಳಗೇ ನಡೆಯುವ ಹಾನಿ ಇನ್ನೂ ಮುಖ್ಯ: ಎಲುಬು ಟೊಳ್ಳಾಗುತ್ತದೆ, ಮಾಂಸಖಂಡ ಕರಗಿ ಬೊಜ್ಜು ಬೆಳೆಯುತ್ತದೆ, ಸಕ್ಕರೆ ಮತ್ತು ಹೃದಯದ ಕಾಯಿಲೆಯ ಸಂಭವ ಏರುತ್ತದೆ. ಆದ್ದರಿಂದ ಚಿಕಿತ್ಸೆಯ ಆರಂಭದಲ್ಲೇ ಎಲುಬಿನ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್, ಸಕ್ಕರೆ, ಕೊಲೆಸ್ಟರಾಲ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳಿ. ಬೆಳಗಿನ ನಡಿಗೆಯೊಂದೇ ಸಾಲದು. ವಾರಕ್ಕೆ ಎರಡು ಮೂರು ದಿನ ತೂಕ ಎತ್ತುವ, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವ ಬಗೆಯ ವ್ಯಾಯಾಮವೂ ಬೇಕು. ಎಲುಬಿಗೆ ಕಾಯಿಲೆ ಹರಡಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಇದಕ್ಕೆ ಇಳಿಯಬೇಕು. ಎಲುಬು ಗಟ್ಟಿಮಾಡಲು ಜೊಲೆಡ್ರಾನಿಕ್ ಆಮ್ಲ ಅಥವಾ ಡೆನೊಸುಮ್ಯಾಬ್ ಚುಚ್ಚುಮದ್ದು ಕೊಡುವುದಾದರೆ ಅದಕ್ಕೆ ಮುಂಚೆ ಹಲ್ಲಿನ ವೈದ್ಯರನ್ನು ಕಂಡು ಹುಳುಕು ಹಲ್ಲುಗಳ ಲೆಕ್ಕ ಮುಗಿಸಿಕೊಳ್ಳಿ. ಆಮೇಲೆ ಹಲ್ಲು ಕೀಳಿಸಿದರೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ.

ಎಂಟನೆಯ ಹೆಜ್ಜೆ: ಹಣದ ದಾರಿ ನೋಡಿಕೊಳ್ಳುವುದು

ಜಮೀನಿನ ಪತ್ರ ಕೈಗೆತ್ತಿಕೊಳ್ಳುವ ಮೊದಲು ಬಿಪಿಎಲ್ ಕಾರ್ಡ್, ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯ ಯೋಜನೆಗಳಿಗೆ ನೆರವಾಗುವ ಸಿಬ್ಬಂದಿಯಾದ ಆರೋಗ್ಯಮಿತ್ರರನ್ನು ಕಾಣಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಬಳಸಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ದಾಖಲಾದ ಮೇಲೆ ಪತ್ರಕ್ಕೆ ಓಡಾಡುವ ಪರಿಸ್ಥಿತಿ ತಂದುಕೊಳ್ಳಬೇಡಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯನ್ನು, ಕಾರ್ಮಿಕರು ಇಎಸ್‌ಐ ಸೌಲಭ್ಯವನ್ನು ವಿಚಾರಿಸಬೇಕು. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರೈಲು ಪ್ರಯಾಣದಲ್ಲಿ ರಿಯಾಯಿತಿಯಿದೆ; ಅದರ ನಮೂನೆಗೆ ಆಸ್ಪತ್ರೆಯ ಸಹಿ ಬೇಕು. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರು ಕ್ಯಾನ್ಸರ್‌ನಂಥ ಕಾಯಿಲೆಯ ಚಿಕಿತ್ಸಾ ವೆಚ್ಚಕ್ಕೆ ಸಿಗುವ 80ಡಿಡಿಬಿ ವಿನಾಯಿತಿಗಾಗಿ ಬಿಲ್ಲುಗಳನ್ನೂ ತಜ್ಞರ ಪ್ರಮಾಣಪತ್ರವನ್ನೂ ಜೋಪಾನವಾಗಿಡಿ.

ಒಂಬತ್ತನೆಯ ಹೆಜ್ಜೆ: ಮನಸ್ಸನ್ನು ನೋಡಿಕೊಳ್ಳುವುದು

ಸ್ವೀಡನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದು, ಪ್ರಾಸ್ಟೇಟ್ ಕ್ಯಾನ್ಸರ್ ಎಂದು ತಿಳಿದ ಮೊದಲ ವಾರಗಳಲ್ಲೇ ಹೃದಯಾಘಾತವೂ ಆತ್ಮಹತ್ಯೆಯೂ ಹೆಚ್ಚಿರುವುದನ್ನು ತೋರಿಸಿತು. ಕಾಯಿಲೆ ಮುಟ್ಟುವ ಮೊದಲೇ ಸುದ್ದಿಯೇ ಮುಟ್ಟುತ್ತದೆ ಎಂದಾಯಿತು. ಗಂಡಸರ ದುಃಖ ನಮ್ಮಲ್ಲಿ ಅಳುವಿನ ರೂಪದಲ್ಲಿ ಬರುವುದು ಕಡಿಮೆ. ಸಿಡುಕಾಗಿ, ನಿದ್ದೆಗೇಡಾಗಿ, ಊಟ ಬೇಡವೆನ್ನುವುದಾಗಿ, ಇದ್ದಕ್ಕಿದ್ದಂತೆ ಆಸ್ತಿ ಹಂಚುವ ಮಾತಾಗಿ ಬರುತ್ತದೆ. "ನಿಮಗೆಲ್ಲ ಹೊರೆಯಾದೆ" ಎಂಬ ಮಾತನ್ನು ಕೇಳಿ ಸುಮ್ಮನಾಗಬೇಡಿ; ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಉಚಿತವಾಗಿ ಆಪ್ತಸಲಹೆ ಸಿಗುತ್ತದೆ. ಇದೇ ಕಾಯಿಲೆ ದಾಟಿಬಂದ ಒಬ್ಬರನ್ನು ಭೇಟಿ ಮಾಡಿಸಿ ಎಂದು ವೈದ್ಯರನ್ನು ಕೇಳಿ. ನಮ್ಮ ತಂದೆಯವರಿಗೆ ನಮ್ಮೆಲ್ಲರ ಸಮಾಧಾನದ ಮಾತಿಗಿಂತ, ಮೂರು ವರ್ಷ ಮೊದಲು ಇದೇ ಚಿಕಿತ್ಸೆ ಮುಗಿಸಿದ್ದ ನಿವೃತ್ತ ಬಸ್ ಚಾಲಕರೊಬ್ಬರ ಅರ್ಧ ಗಂಟೆಯ ಮಾತು ಹೆಚ್ಚು ಬಲ ಕೊಟ್ಟಿತು.

ಊಟ, ನಾಟಿ ಔಷಧಗಳ ಬಗ್ಗೆ ಸುತ್ತಲಿನವರಿಂದ ಬರುವ ಸಲಹೆಗೆ ಕೊನೆಯಿರುವುದಿಲ್ಲ. ಸೊಪ್ಪು, ತರಕಾರಿ, ಕಾಳು, ರಾಗಿ, ಬೇಕಿದ್ದವರಿಗೆ ಮೊಟ್ಟೆ ಮೀನು ಇರುವ ಸಾದಾ ಊಟವೇ ಸಾಕು. ಲಕ್ಷ್ಮಣಫಲ ಕ್ಯಾನ್ಸರನ್ನು ಗುಣಪಡಿಸುತ್ತದೆಂಬುದಕ್ಕೆ ಆಧಾರವಿಲ್ಲ. ಒಳ್ಳೆಯದೆಂದು ನಂಬಿದ್ದ ವಿಟಮಿನ್ ಇ ಮಾತ್ರೆಗಳು ಆರೋಗ್ಯವಂತರಲ್ಲಿ ಪ್ರಾಸ್ಟೇಟ್ ಕ್ಯಾನ್ಸರನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿದವು ಎಂದು ಅಮೆರಿಕದ ಸೆಲೆಕ್ಟ್ ಅಧ್ಯಯನದಿಂದ 2011ರಲ್ಲಿ ತಿಳಿದುಬಂತು. ಗಿಡಮೂಲಿಕೆ ಏನನ್ನಾದರೂ ತೆಗೆದುಕೊಳ್ಳುವುದಿದ್ದರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿ.

ಕಾಯಿಲೆ ಮುಂದುವರಿದು ಎಲುಬು ನೋವು ಕಾಡತೊಡಗಿದರೆ, ಅದನ್ನು ಹಲ್ಲುಕಚ್ಚಿ ತಡೆದುಕೊಳ್ಳಬೇಕಾಗಿಲ್ಲ. ವೈದ್ಯರು ಹೇಳಿದಂತೆ ಕ್ಯಾನ್ಸರ್ ನೋವಿಗೆ ತೆಗೆದುಕೊಳ್ಳುವ ಮಾರ್ಫಿನ್ ಮಾತ್ರೆ ಚಟವಾಗುವುದು ಅಪರೂಪ. ನೋವು, ಸಂಕಟಗಳನ್ನು ತಗ್ಗಿಸುವ ಉಪಶಾಮಕ ಚಿಕಿತ್ಸೆಯ ವಿಭಾಗವನ್ನು ಕೊನೆಯ ದಿನಗಳಿಗೆಂದು ಕಾಯ್ದಿಡದೆ, ನೋವು ಶುರುವಾದಾಗಲೇ ಕಾಣಬೇಕು. ಬೆಂಗಳೂರಿನ ಕರುಣಾಶ್ರಯ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳಿಗೆ ಈ ಸೇವೆಯನ್ನು ಉಚಿತವಾಗಿ ಕೊಡುತ್ತ ಬಂದಿದೆ.

ಹತ್ತನೆಯ ಹೆಜ್ಜೆ: ಚಿಕಿತ್ಸೆಯ ನಂತರದ ಲೆಕ್ಕ

ಗ್ರಂಥಿಯನ್ನು ತೆಗೆದ ಮೇಲೆ ಪಿಎಸ್‌ಎ ಎರಡು ತಿಂಗಳೊಳಗೆ ಅಳತೆಗೆ ಸಿಗದಷ್ಟು ಇಳಿಯಬೇಕು, ಮುಂದೆಂದಾದರೂ 0.2 ಮುಟ್ಟಿ ಮತ್ತೆ ಏರಿದರೆ ಕಾಯಿಲೆ ಮರುಕಳಿಸಿರಬಹುದು. ರೇಡಿಯೇಷನ್ ನಂತರ ಅದು ಒಂದೆರಡು ವರ್ಷ ತೆಗೆದುಕೊಂಡು ನಿಧಾನವಾಗಿ ಇಳಿಯುತ್ತದೆ, ನಡುವೆ ಒಮ್ಮೆ ಚೂರು ಏರಿ ತಾನೇ ಇಳಿಯುವುದೂ ಉಂಟು. ತಳ ಮುಟ್ಟಿದ ಅಂಕಿಗಿಂತ 2 ಹೆಚ್ಚಾದಾಗ ಮಾತ್ರ ಮರುಕಳಿಸಿದೆಯೆಂದು ಪರಿಗಣಿಸುತ್ತಾರೆ. ಪರೀಕ್ಷೆಯನ್ನು ಪ್ರತಿಸಲವೂ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ, ಇಲ್ಲದಿದ್ದರೆ ವಿಧಾನದ ವ್ಯತ್ಯಾಸವೇ ಕಾಯಿಲೆಯ ಏರಿಕೆಯಂತೆ ಕಾಣಬಹುದು. ಪರೀಕ್ಷೆಯ ಹಿಂದಿನ ವಾರವೆಲ್ಲ ನಿದ್ದೆ ಕೆಡುವುದು ಬಹಳ ಮಂದಿಗೆ ಇದ್ದದ್ದೇ. ರಕ್ತ ಕೊಟ್ಟ ಒಂದೆರಡು ದಿನದೊಳಗೇ ವೈದ್ಯರ ಭೇಟಿ ಇರುವಂತೆ ಹೊಂದಿಸಿಕೊಂಡರೆ ಕಾಯುವ ಕಷ್ಟ ಕಡಿಮೆಯಾಗುತ್ತದೆ.

ರೋಗಿಯ ತಮ್ಮಂದಿರಿಗೂ ಗಂಡುಮಕ್ಕಳಿಗೂ ಈ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು ಇಮ್ಮಡಿ. ಅವರು 45ನೇ ವಯಸ್ಸಿನ ಹೊತ್ತಿಗೆ ವೈದ್ಯರೊಡನೆ ಮಾತಾಡಿ ಪಿಎಸ್‌ಎ ಮಾಡಿಸುವುದು ಒಳ್ಳೆಯದು. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆದ ಹೆಂಗಸರಿದ್ದರೆ, ಇಲ್ಲವೇ ರೋಗಿಯ ಕಾಯಿಲೆ ಹರಡಿದ ಸ್ಥಿತಿಯಲ್ಲಿದ್ದರೆ, ಬಿಆರ್‌ಸಿಎ2 ಮುಂತಾದ ವಂಶವಾಹಿಗಳ ಪರೀಕ್ಷೆಯ ಬಗ್ಗೆ ಕೇಳಿ. ಆ ದೋಷ ತಂದೆಯಿಂದ ಹೆಣ್ಣುಮಕ್ಕಳಿಗೂ ಬರಬಹುದಾದ್ದರಿಂದ ಫಲಿತಾಂಶವನ್ನು ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳಿಗೂ ತಿಳಿಸಬೇಕು. ನಮ್ಮ ಮನೆಯಲ್ಲಿ ಆ ಫೋನ್ ಮಾಡಿದವರು ತಂದೆಯವರೇ. ಅಕ್ಕನಿಗೆ ಎಲ್ಲವನ್ನೂ ವಿವರಿಸಿ, ವರದಿಯನ್ನು ಕಳಿಸಿದ್ದೇನೆ, ಓದಿ ನಿನ್ನ ಡಾಕ್ಟರಿಗೆ ತೋರಿಸು ಎಂದರು.